ಫೈಲು ಹೊರುವ ಅಮ್ಮಂದಿರು

ಮಾರ್ಚ್ 21 ಬಂತೆಂದರೆ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡ ಫೋಟೋಗಳು. ಜೊತೆಗೆ, ವಿಶೇಷ ಮಗುವಿಗೆ ದೇವರು ವಿಶೇಷ ತಾಯಿಯನ್ನೇ ಆರಿಸುತ್ತಾನೆ ಅನ್ನೋ ಸಂದೇಶಗಳು. ಕ್ಷಮಿಸಿ, ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಆ ತಾಯಿಯನ್ನು ಆರಿಸಿದ್ದು ದೇವರಲ್ಲ, ನಮ್ಮ ಆಸ್ಪತ್ರೆಗಳು.. ಫೈಲು ಹೊರೋ ಕೆಲಸಕ್ಕೆ!

ಡೌನ್ ಸಿಂಡ್ರೋಮ್ ಅಂದರೆ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುವುದು. ಅದನ್ನು ತೆಗೆಯುವ ಔಷಧಿಯಿಲ್ಲ, ನಿಜ. ಆದರೆ ಜೊತೆಗೆ ಬರುವ ತೊಂದರೆಗಳಿಗೆ ಚಿಕಿತ್ಸೆ ಇದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ದೋಷ. ಅದು ಸ್ಟೆತಾಸ್ಕೋಪಿಗೆ ಕೇಳಿಸಲೇಬೇಕೆಂದಿಲ್ಲ, ಅದಕ್ಕೇ ಹುಟ್ಟಿದ ಕೂಡಲೆ ಪ್ರತಿ ಮಗುವಿಗೂ ಎಕೋ ಆಗಬೇಕು. ದೊಡ್ಡ ರಂಧ್ರವಿದ್ದು ಆಪರೇಷನ್ ತಡವಾದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ, ಮುಂದೆ ಆಪರೇಷನ್ನೇ ಸಾಧ್ಯವಾಗದೆ ಹೋಗಬಹುದು. ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಕಿವಿ, ಕಣ್ಣು, ನಿದ್ದೆಯಲ್ಲಿನ ಉಸಿರಾಟ ಬೇರೆ.

ಇವೆಲ್ಲ ಒಂದೊಂದು ಕೋಣೆಯಲ್ಲಿ, ಒಂದೊಂದು ದಿನ. ಕಿವಿ ಡಾಕ್ಟರಿಗೆ ಹೃದಯದ ವಿಷಯ ಯಾರು ಹೇಳಬೇಕು? ಅಮ್ಮ. ಅರಿವಳಿಕೆ ಕೊಡುವವರಿಗೆ ಕುತ್ತಿಗೆ ಮೂಳೆಯ ಬಗ್ಗೆ ನೆನಪಿಸಬೇಕಾದವರು? ಅವಳೇ. ಕಿವಿಯಲ್ಲಿ ನೀರು ತುಂಬಿ ಮಗುವಿಗೆ ಮಾತು ಬರದಿದ್ದರೂ "ಡೌನ್ ಅಲ್ವಾ, ಹಾಗೇ ಇರುತ್ತೆ" ಅಂದುಬಿಟ್ಟರೆ ಮುಗೀತು. ಆ ಒಂದು ಮಾತಿನಲ್ಲಿ ಎಷ್ಟು ಮಕ್ಕಳ ಮಾತು ಮುಳುಗಿದೆಯೋ!

ಯೋಜನೆ ಇಲ್ಲವೆನ್ನುವಂತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ಪಟ್ಟಿಯಲ್ಲಿರುವುದು ಬೇರೆ, "ಈ ಮಗು ನನ್ನ ಜವಾಬ್ದಾರಿ" ಅನ್ನುವ ಒಬ್ಬ ಡಾಕ್ಟರ್ ಇರುವುದು ಬೇರೆ.

ಇರೋ ಡಾಕ್ಟರುಗಳೇ ಸಾಲದು ಅಂತೀರಾ? ನಾನು ಕೇಳುತ್ತಿರುವುದು ಹೊಸ ಡಾಕ್ಟರನ್ನಲ್ಲ, ಒಂದು ಹಾಳೆ. ಲಸಿಕೆಯ ತಾರೀಖುಗಳು ತಾಯಿ ಕಾರ್ಡಿನಲ್ಲಿರುವುದರಿಂದಲೇ ಅಲ್ಲವೇ ಹಳ್ಳಿಯ ಅಮ್ಮನಿಗೂ ಅವು ಗೊತ್ತಿರುವುದು, ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸುವುದು? ಈ ಮಕ್ಕಳ ಪರೀಕ್ಷೆಗಳಿಗೂ ಅಂಥದ್ದೇ ಒಂದು ಪುಟ ಅಂಟಿಸಿ. ಅದರ ಮೇಲೆ ಒಬ್ಬ ಮಕ್ಕಳ ಡಾಕ್ಟರ ಹೆಸರಿರಲಿ. ನಾಲ್ಕು ವಿಭಾಗದವರು ತಿಂಗಳಿಗೊಂದು ದಿನ ಒಟ್ಟಿಗೆ ನೋಡಲಿ. ಕೂಲಿ ಬಿಟ್ಟು ಬರುವವರಿಗೆ ಮೂರು ದಿನದ ಕೂಲಿಯಾದರೂ ಉಳಿಯುತ್ತೆ.

ಅಮೆರಿಕದಲ್ಲಿ ಇವರ ಸರಾಸರಿ ಆಯಸ್ಸು 1983ರಲ್ಲಿ ಸುಮಾರು 25 ವರ್ಷ, ಈಗ 60ರ ಆಸುಪಾಸು. ಕ್ರೋಮೋಸೋಮ್ ಬದಲಾಗಲಿಲ್ಲ ಸ್ವಾಮೀ, ನೋಡಿಕೊಳ್ಳುವ ರೀತಿ ಬದಲಾಯಿತು.

ಕಾಲುಚೀಲ ಹಾಕಿಕೊಳ್ಳಿ, ಬೇಡವೆನ್ನಲ್ಲ. ಆದರೆ ಮುಂದಿನ ಮಾರ್ಚ್ 21ಕ್ಕೆ ನಿಮ್ಮೂರಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಇದೊಂದು ಹಾಳೆ ಎಲ್ಲಿ ಅಂತ ಕೇಳಿ. ಏನಂತೀರಿ?