ಸಸ್ಯಜನ್ಯ ಪೊಟ್ಟಣ: ಪ್ರಯೋಗಾಲಯ ದಾಟಲು ತಡೆ ಯಾವುದು?

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ಆಹಾರಕ್ಕೆ ಬಳಸಬಾರದೆಂದು ಪ್ರಕಟಿಸಿದಾಗ ಕರಾವಳಿ ಮತ್ತು ಮಲೆನಾಡಿನ ಸಣ್ಣ ಉದ್ದಿಮೆದಾರರಿಗೆ ಬರಸಿಡಿಲು ಎರಗಿದಂತಾಯಿತು. ಮರದಿಂದ ಉದುರಿದ ಹಾಳೆಯನ್ನು ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ; ಬೇರೆ ಯಾವ ಬೆರಕೆಯೂ ಬೇಕಿಲ್ಲ. ಆದರೂ ಅಡಕೆಯ ಆಲ್ಕಲಾಯ್ಡ್‌ಗಳು ಹಾಳೆಯಿಂದ ಅನ್ನಕ್ಕೆ ಇಳಿಯಬಹುದೆಂಬುದು ಅಲ್ಲಿನ ಆಕ್ಷೇಪ. ಅವುಗಳ ಪೈಕಿ ಮುಖ್ಯವಾದ ಅರೆಕೋಲಿನ್ ಅನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2020ರಲ್ಲಿಯೇ ‘ಕ್ಯಾನ್ಸರ್‌ಕಾರಕ ಆಗಿರುವ ಸಾಧ್ಯತೆಯುಳ್ಳ’ ವಸ್ತುಗಳ ಪಟ್ಟಿಗೆ ಸೇರಿಸಿತ್ತು.

ಆ ತೀರ್ಮಾನ ಎಷ್ಟರಮಟ್ಟಿಗೆ ನ್ಯಾಯ ಎಂಬುದು ಬೇರೆಯೇ ಚರ್ಚೆ. ಆದರೆ ‘ಗಿಡದಿಂದ ಬಂದದ್ದು’ ಎಂಬ ಹೇಳಿಕೆಯೊಂದೇ ಸುರಕ್ಷತೆಯ ಪ್ರಮಾಣಪತ್ರವಾಗದು ಎಂಬುದನ್ನು ಅದು ತೋರಿಸಿಕೊಟ್ಟಿತು. ಪೊಟ್ಟಣ ಕ್ಷೇತ್ರದ ಮುಂದಿನ ಭರವಸೆ ಎನಿಸಿರುವ ಸಸ್ಯಜನ್ಯ ಸೂಕ್ಷ್ಮಜೀವಿ ನಿರೋಧಕ ಫಿಲ್ಮ್‌ಗಳ ಭವಿಷ್ಯವೂ ಇದೇ ಪ್ರಶ್ನೆಯ ಮೇಲೆ ನಿಂತಿದೆ.

ಪಿಷ್ಟ, ಸೆಲ್ಯುಲೋಸ್, ಹಣ್ಣಿನ ಸಿಪ್ಪೆಯ ಪೆಕ್ಟಿನ್ ಅಥವಾ ಕಡಲಕಳೆಯ ಆಲ್ಜಿನೇಟ್‌ನಿಂದ ತೆಳುವಾದ ಫಿಲ್ಮ್ ತಯಾರಿಸಿ, ಅದರೊಳಗೆ ಸಸ್ಯಗಳ ಸಾರತೈಲವನ್ನು ಸೇರಿಸುವುದು ಈ ವಿಧಾನ. ಲವಂಗದ ಯೂಜಿನಾಲ್, ಓಮದ ಥೈಮಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಇವು ಬ್ಯಾಕ್ಟೀರಿಯಾದ ಕೋಶಪೊರೆಯನ್ನು ಸಡಿಲಗೊಳಿಸುತ್ತವೆ. ಒಳಗಿನ ದ್ರವ್ಯ ಸೋರಿ ಜೀವಕೋಶ ಸಾಯುತ್ತದೆ. ಲಿಸ್ಟೀರಿಯಾದಂಥವು ಬೇಗನೆ ಮಣಿಯುತ್ತವೆ. ಹೊರಗೆ ಇನ್ನೊಂದು ಪೊರೆಯನ್ನು ಹೊದ್ದಿರುವ ಇ-ಕೋಲೈ, ಸಾಲ್ಮೊನೆಲ್ಲಾಗಳು ಸಾಮಾನ್ಯವಾಗಿ ಅಷ್ಟು ಸುಲಭದ ತುತ್ತಲ್ಲ.

ಗಾಜಿನ ತಟ್ಟೆಯಲ್ಲಿ ಗೆದ್ದ ಫಿಲ್ಮ್ ಪನೀರಿನ ಮೇಲೆ ಸೋಲುವುದೇ ಹೆಚ್ಚು. ಆಹಾರದ ಕೊಬ್ಬು ಮತ್ತು ಪ್ರೋಟೀನ್ ತೈಲವನ್ನು ಹೀರಿಕೊಳ್ಳುವುದರಿಂದ ಬ್ಯಾಕ್ಟೀರಿಯಾದ ಪಾಲಿಗೆ ಉಳಿಯುವುದು ಅತ್ಯಲ್ಪ. ಪ್ರಮಾಣ ಹೆಚ್ಚಿಸಿದರೆ ವಾಸನೆಯ ಸಮಸ್ಯೆ. ಅರಿಶಿನ ಎಲೆಯ ಕಡುಬನ್ನು ಎಲೆಯ ಪರಿಮಳಕ್ಕಾಗಿಯೇ ತಿನ್ನುವವರಿದ್ದಾರೆ. ಬ್ರೆಡ್ಡಿನಲ್ಲಿ ಲವಂಗದ ಘಾಟು ಯಾರಿಗೆ ಬೇಕು?

ತಯಾರಿಕೆಯ ತೊಡಕು ಇನ್ನೂ ದೊಡ್ಡದು. ಪ್ರಯೋಗಾಲಯದಲ್ಲಿ ದ್ರಾವಣವನ್ನು ಸುರಿದು, ನಿಧಾನವಾಗಿ ಒಣಗಿಸಿ ಫಿಲ್ಮ್ ಪಡೆಯುತ್ತಾರೆ. ಕಾರ್ಖಾನೆಯ ಯಂತ್ರ ಪ್ಲಾಸ್ಟಿಕ್ಕನ್ನು 150 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಕರಗಿಸಿ ಎಳೆಯುತ್ತದೆ; ಆ ಬಿಸಿಗೆ ತೈಲದ ದೊಡ್ಡ ಪಾಲು ಆವಿಯಾಗಿ ಹೋಗುತ್ತದೆ. ತೈಲದ ಕಣಗಳನ್ನು ಪಿಷ್ಟದಿಂದ ಪಡೆದ ಸೈಕ್ಲೋಡೆಕ್ಸ್‌ಟ್ರಿನ್‌ನೊಳಗೆ ಬಂಧಿಸಿ ಇದನ್ನು ತಡೆಯಬಹುದಾದರೂ ವೆಚ್ಚ ಏರುತ್ತದೆ. ಪಿಷ್ಟದ ಫಿಲ್ಮ್ ತೇವವನ್ನು ತಡೆಯಲಾರದು ಎಂಬುದೂ ನಿಜ. ಮಂಗಳೂರಿನ ಜುಲೈ ಮಳೆಯಲ್ಲಿ ಅದರ ಪಾಡು ಊಹಿಸಬಹುದು.

ವಿಜ್ಞಾನದ ಈ ಅಡ್ಡಿಗಳು ಇಂದಲ್ಲ ನಾಳೆ ನಿವಾರಣೆಯಾಗಬಹುದು. ನಿಯಮದ ಅಡ್ಡಿ ಹಾಗಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪೊಟ್ಟಣ ನಿಯಮಗಳ ಪ್ರಕಾರ, ಪ್ಲಾಸ್ಟಿಕ್ ಪೊಟ್ಟಣದಿಂದ ಆಹಾರಕ್ಕೆ ಇಳಿಯುವ ಒಟ್ಟು ದ್ರವ್ಯ ಕಿಲೋಗೆ 60 ಮಿಲಿಗ್ರಾಂ ಮೀರುವಂತಿಲ್ಲ. ಪೊಟ್ಟಣ ಸುಮ್ಮನಿರಬೇಕು, ಆಹಾರಕ್ಕೆ ಏನನ್ನೂ ಬಿಟ್ಟುಕೊಡಬಾರದು ಎಂಬುದು ಇದರ ಹಿಂದಿನ ತರ್ಕ. ಆದರೆ ನಿರೋಧಕ ಫಿಲ್ಮ್ ಕೆಲಸ ಮಾಡುವುದೇ ಬಿಟ್ಟುಕೊಡುವುದರ ಮೂಲಕ. ಐರೋಪ್ಯ ಒಕ್ಕೂಟ ಇದನ್ನು ಗುರುತಿಸಿ 2009ರಲ್ಲಿಯೇ ‘ಸಕ್ರಿಯ’ ಪೊಟ್ಟಣಗಳಿಗೆ ಪ್ರತ್ಯೇಕ ನಿಯಮ ರೂಪಿಸಿತು. ಉದ್ದೇಶಪೂರ್ವಕವಾಗಿ ಬಿಡುಗಡೆಯಾಗುವ ದ್ರವ್ಯವನ್ನು ಅಲ್ಲಿ ಒಟ್ಟು ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬದಲಿಗೆ ಆಹಾರಕ್ಕೆ ಬೆರೆಸುವ ವಸ್ತುವಿನಂತೆಯೇ ಅದು ಆಹಾರ ಕಾನೂನಿಗೆ ಒಳಪಡಬೇಕು. ಹಾಗಿದ್ದೂ ಐರೋಪ್ಯ ಮಾರುಕಟ್ಟೆಯಲ್ಲಿ ಇಂಥ ಫಿಲ್ಮ್‌ಗಳ ಮಹಾಪೂರವೇನೂ ಹರಿದಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಪ್ಲಾಸ್ಟಿಕ್ ನಿಷೇಧದ ವಿಚಾರದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 2016ರ ಮಾರ್ಚ್‌ನ ಅಧಿಸೂಚನೆಯಲ್ಲಿ ಕೈಚೀಲಗಳ ಜೊತೆ ಆಹಾರಕ್ಕೆ ಸುತ್ತುವ ಕ್ಲಿಂಗ್ ಫಿಲ್ಮ್ ಕೂಡ ನಿಷೇಧಿತ ಪಟ್ಟಿಯಲ್ಲಿತ್ತು. ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ ಜಾರಿಗೆ ಬಂದದ್ದು 2022ರ ಜುಲೈ 1ರಂದು. ಎರಡೂ ಸಂದರ್ಭಗಳಲ್ಲಿ ‘ಯಾವುದು ಬೇಡ’ ಎಂಬುದು ಸ್ಪಷ್ಟವಿತ್ತು. ‘ಯಾವುದು ಬೇಕು’ ಎಂಬುದನ್ನು ಅಂಗಡಿಯವರ ವಿವೇಚನೆಗೆ ಬಿಡಲಾಯಿತು. ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್ಕಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಬ್ಯಾಕ್ಟೀರಿಯಾವನ್ನು ಕೊಲ್ಲಲೆಂದೇ ತಯಾರಾದ ಫಿಲ್ಮ್ ಅದೇ ಬ್ಯಾಕ್ಟೀರಿಯಾಗಳ ನೆರವಿನಿಂದ ಗೊಬ್ಬರದ ಗುಂಡಿಯಲ್ಲಿ ಕೊಳೆಯಬೇಕೆಂಬ ವಿಚಿತ್ರ ಪರೀಕ್ಷೆಯೂ ಇಲ್ಲಿ ಎದುರಾಗುತ್ತದೆ.

ಪಾಲಿಥೀನ್‌ಗೆ ಇದು ಬದಲಿಯಾಗಬೇಕೆಂಬ ನಿರೀಕ್ಷೆಯೇ ಬಹುಶಃ ತಪ್ಪು ದಾರಿಯದು. ಬೆಲೆಯಲ್ಲಿ ಪಾಲಿಥೀನನ್ನು ಸೋಲಿಸುವುದು ಸದ್ಯಕ್ಕೆ ಅಸಾಧ್ಯ. ಪನೀರ್, ಹೆಚ್ಚಿದ ಹಣ್ಣು, ಮಾಂಸದಂಥ ಬೇಗ ಕೆಡುವ ಪದಾರ್ಥಗಳ ನಡುವೆ ಇಡುವ ಒಳಹಾಳೆಯಾಗಿ ಬಳಸಿದರೆ ಒಂದೆರಡು ದಿನದ ಹೆಚ್ಚುವರಿ ಬಾಳಿಕೆಯೇ ಅದರ ವೆಚ್ಚವನ್ನು ತುಂಬಿಕೊಡಬಲ್ಲದು. ಇಂಥ ಬಳಕೆಯನ್ನು ಪರೀಕ್ಷಿಸಲು ಮೈಸೂರಿಗಿಂತ ಸೂಕ್ತ ಊರು ವಿರಳ. 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಮತ್ತು 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಎಂಬ ಹೆಸರಿನಲ್ಲಿ ಆರಂಭವಾದ ಸಂಸ್ಥೆ, ಎರಡೂ ಅಲ್ಲಿಯೇ ಇವೆ.

ಆದರೆ ಪ್ರತಿ ಪದಾರ್ಥಕ್ಕೆ, ಪ್ರತಿ ತೈಲಕ್ಕೆ ಪ್ರತ್ಯೇಕವಾಗಿ ನಡೆಯಬೇಕಾದ ಪರೀಕ್ಷೆಗಳ ಖರ್ಚನ್ನು ಭರಿಸುವವರು ಯಾರು ಎಂಬುದು ಇತ್ಯರ್ಥವಾಗಬೇಕಿದೆ. ದೊಡ್ಡ ಕಂಪನಿಗಳಿಗೆ ಅದು ಹೊರೆಯಾಗದು. ಎರಡು ಅಚ್ಚಿನ ಯಂತ್ರ ಇಟ್ಟುಕೊಂಡು ತಟ್ಟೆ ಒತ್ತುವ ಪುತ್ತೂರು, ಸಾಗರದ ಕಡೆಯ ಉದ್ದಿಮೆದಾರ ನಾಳೆ ಫಿಲ್ಮ್ ತಯಾರಿಕೆಗೆ ಇಳಿಯಬೇಕಾದರೆ ಮೊದಲು ಕೇಳುವುದು ಈ ಲೆಕ್ಕವನ್ನೇ.