‘ನಿನ್ನ ಬಗ್ಗೆ ಅಲ್ಲಪ್ಪ’

ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಅಂತ 2016ರ ಜೂನ್ 23ರಂದು ಜನಮತಗಣನೆ ನಡೆದಾಗ ನಾನು ಕವೆಂಟ್ರಿಯಲ್ಲಿ ಎಂ.ಎಸ್ಸಿ. ಓದ್ತಿದ್ದೆ. ಆ ದೇಶಕ್ಕೆ ಕಾಲಿಟ್ಟು ಬರೀ ಒಂಬತ್ತು ತಿಂಗಳು, ಕೈಯಲ್ಲಿ ಸ್ಟೂಡೆಂಟ್ ವೀಸಾ. ಆದರೂ ನನಗೆ ವೋಟಿತ್ತು! ಭಾರತ ಕಾಮನ್‌ವೆಲ್ತ್ ದೇಶ ಆಗಿರೋದರಿಂದ ಅಲ್ಲಿ ವಾಸವಿರುವ ನಮ್ಮವರು ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಜನಮತಗಣನೆಗೂ ಅದೇ ನಿಯಮ ಇಟ್ಟಿದ್ದರು. ನಾನು ಪಾರ್ಟ್‌ಟೈಮ್ ಕೆಲಸಕ್ಕೆ ಹೋಗ್ತಿದ್ದ ಗೋದಾಮಿನಲ್ಲಿ ಪೋಲೆಂಡಿನ ಒಬ್ಬ ಹೆಂಗಸಿದ್ದರು. ಹತ್ತು ವರ್ಷದಿಂದ ಅಲ್ಲೇ ದುಡಿದು ತೆರಿಗೆ ಕಟ್ಟಿದವರು, ಮಕ್ಕಳು ಹುಟ್ಟಿದ್ದೂ ಅಲ್ಲೇ. ಅವರಿಗೆ ವೋಟಿಲ್ಲ. ಯಾರ ಬದುಕು ಪ್ರಶ್ನೆಯಾಗಿತ್ತೋ ಅವರನ್ನು ಬಿಟ್ಟು, ಕೋರ್ಸ್ ಮುಗಿದರೆ ಗಂಟುಮೂಟೆ ಕಟ್ಟಬೇಕಾದ ನನ್ನನ್ನು ಕೇಳಿದರು.

ಕವೆಂಟ್ರಿ ಕಾರುಗಳ ಊರು. ಟಾಟಾದವರು 2008ರಲ್ಲಿ ಕೊಂಡುಕೊಂಡ ಜಾಗ್ವಾರ್ ಲ್ಯಾಂಡ್ ರೋವರ್‌ನ ಮುಖ್ಯ ಕಚೇರಿ ಇರೋದು ಅಲ್ಲೇ. ಊರಿನ ಪಕ್ಕ ರೈಟನ್ ಅನ್ನೋ ಕಡೆ ಪ್ಯೂಜೊ ಕಂಪನಿಯ ಕಾರ್ಖಾನೆ ಇತ್ತು. 2006ರಲ್ಲಿ ಅದನ್ನು ಮುಚ್ಚಿದರು. ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯ್ತು. ಅದೇ ವರ್ಷ ಕಂಪನಿ ಸ್ಲೊವಾಕಿಯಾದಲ್ಲಿ ಹೊಸ ಕಾರ್ಖಾನೆ ಶುರು ಮಾಡಿತು. ಸ್ಲೊವಾಕಿಯಾ, ಪೋಲೆಂಡ್ ಎರಡೂ ಒಕ್ಕೂಟ ಸೇರಿದ್ದು 2004ರಲ್ಲಿ. ನಮ್ಮ ಮನೆ ಓನರ್ ರೈಟನ್‌ನಲ್ಲಿ ದುಡಿದ ಮನುಷ್ಯ. ಅವರ ಲೆಕ್ಕ ಸರಳ: ಕೆಲಸ ಆ ಕಡೆ ಹೋಯ್ತು, ಜನ ಈ ಕಡೆ ಬಂದರು. ಆ ಲೆಕ್ಕ ಪೂರ್ತಿ ಸರಿ ಅಂತ ನಾನು ಹೇಳಲ್ಲ. ಆದರೆ ಅದನ್ನು ‘ಜನಾಂಗದ್ವೇಷ’ ಅಂತ ಒಂದೇ ಪದದಲ್ಲಿ ಮುಗಿಸಿದ ನನ್ನ ಕ್ಲಾಸ್‌ಮೇಟುಗಳಲ್ಲಿ ಒಬ್ಬರೂ ರೈಟನ್ ಹೆಸರು ಕೇಳಿರಲಿಲ್ಲ.

ದೇಶದಲ್ಲಿ ‘ಬಿಡೋಣ’ ಅಂದವರು ಶೇ. 51.9. ಕವೆಂಟ್ರಿಯಲ್ಲಿ ಶೇ. 55.6. ಬೆಳಿಗ್ಗೆ ಕ್ಯಾಂಪಸ್‌ನಲ್ಲಿ ಸಾವಿನ ಮನೆಯ ಕಳೆ. ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ಬಂದು ‘ನಮ್ಮ ದೇಶದ ಪರವಾಗಿ ಸಾರಿ’ ಅಂದಳು. ನಾನು ಯಾವ ದೇಶದವನು ಅಂತಲೂ ಅವಳಿಗೆ ಗೊತ್ತಿರಲಿಲ್ಲ. ಸಂಜೆ ಮನೆ ಓನರ್ ಟೀ ಕೊಟ್ಟು, ‘ನಿನ್ನ ಬಗ್ಗೆ ಅಲ್ಲಪ್ಪ, ನೀನು ಫೀಸು ಕಟ್ಟಿ ಓದೋ ಹುಡುಗ’ ಅಂದರು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮರುದಿನ ಗೋದಾಮಿನಲ್ಲಿ ಮಾತ್ರ ಆ ಪೋಲೆಂಡಿನ ಹೆಂಗಸಿಗೆ ಯಾರೂ ಸಾರಿ ಅನ್ನಲಿಲ್ಲ, ‘ನಿನ್ನ ಬಗ್ಗೆ ಅಲ್ಲ’ ಅನ್ನಲೂ ಇಲ್ಲ. ಯೂರೋ ಕಪ್ ನಡೀತಿತ್ತಲ್ಲ, ಎಲ್ಲರೂ ಫುಟ್ಬಾಲ್ ಮಾತಾಡಿದರು. ಅವರೇ ಕೊನೆಗೆ ನನ್ನನ್ನು ಕೇಳಿದರು, ‘ನೀನು ಯಾವುದಕ್ಕೆ ಹಾಕಿದೆ?’ ‘ಉಳಿಯೋಣ ಅಂತ’ ಅಂದೆ. ತಲೆಯಾಡಿಸಿ ಮುಂದಿನ ಡಬ್ಬಕ್ಕೆ ಟೇಪ್ ಸುತ್ತಿದರು.

ನಮ್ಮವರೇನು ಕಮ್ಮಿ ಇಲ್ಲ ಬಿಡಿ. ಪೌಂಡ್ ಆವತ್ತು 1985ರ ನಂತರದ ಅತಿ ಕೆಳಮಟ್ಟಕ್ಕೆ ಬಿದ್ದಿತ್ತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮಿಕ್ಕ ಫೀಸು ಇವತ್ತೇ ಕಟ್ಟಿಬಿಡೋಣ ಅಂತ ಹಬ್ಬದ ಸಂಭ್ರಮ! ಎಪ್ಪತ್ತರ ದಶಕದಲ್ಲಿ ಬಂದು ನೆಲೆಸಿದ ಪಂಜಾಬಿ ಅಂಕಲ್‌ಗಳಲ್ಲಿ ಹಲವರು ‘ಬಿಡೋಣ’ ಪಕ್ಷ. ನಾವು ಕಷ್ಟಪಟ್ಟು ವೀಸಾ ತಗೊಂಡು ಬಂದ್ವಿ, ಈ ಯುರೋಪಿನವರು ಪಾಸ್‌ಪೋರ್ಟ್ ತೋರಿಸಿ ನುಗ್ತಾರೆ ಅನ್ನೋ ಸಿಟ್ಟು. ಯುರೋಪಿನವರನ್ನು ತಡೆದರೆ ನಿಮ್ಮ ಕಡೆಯ ಅಡುಗೆಯವರನ್ನು ಕರೆಸಬಹುದು ಅಂತ ಕರಿ ಹೋಟೆಲಿನವರಿಗೆ ಆಸೆ ತೋರಿಸಿ ಪ್ರಚಾರವೂ ನಡೆದಿತ್ತು. ಆಮೇಲೆ ಅವರೇ ಮೋಸವಾಯ್ತು ಅಂತ ಗೋಳಾಡಿದರು.

ಮುಂದಿನದು ಇನ್ನೂ ತಮಾಷೆ. ಬ್ರಿಟನ್ 2020ರ ಜನವರಿ 31ಕ್ಕೆ ಒಕ್ಕೂಟದಿಂದ ಹೊರಬಂತು. 2012ರಲ್ಲಿ ಮುಚ್ಚಿದ್ದ, ಓದಿದ ಮೇಲೆ ಎರಡು ವರ್ಷ ಕೆಲಸ ಮಾಡುವ ದಾರಿಯನ್ನು 2021ರ ಜುಲೈನಲ್ಲಿ ಮತ್ತೆ ತೆರೆದರು. ನಮ್ಮ ಹುಡುಗರು ಸಾಲುಗಟ್ಟಿ ಹೊರಟರು. ವಲಸೆ ಕಡಿಮೆ ಮಾಡ್ತೀವಿ ಅಂದವರ ಆಡಳಿತದಲ್ಲೇ, 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ಈಗ ಸಿಟ್ಟು ನಮ್ಮ ಕಡೆ ತಿರುಗಿದೆ. 2024ರ ಜನವರಿಯಿಂದ ಮಾಸ್ಟರ್ಸ್ ಓದುವ ಬಹುಪಾಲು ಜನ ಗಂಡ-ಹೆಂಡತಿ, ಮಕ್ಕಳನ್ನು ಕರೆದೊಯ್ಯುವ ಹಾಗಿಲ್ಲ. ‘ನಿನ್ನ ಬಗ್ಗೆ ಅಲ್ಲಪ್ಪ’ ಅನ್ನೋ ಮಾತಿಗೂ ವೀಸಾ ಥರ ಒಂದು ಎಕ್ಸ್‌ಪೈರಿ ಡೇಟ್ ಇರುತ್ತೆ.

ಇದನ್ನು ಯಾಕೆ ನಿಮಗೆ ಹೇಳ್ತಿದ್ದೀನಿ ಅಂದರೆ, ಈ ವಾಕ್ಯದ ಕನ್ನಡ ರೂಪವನ್ನು ನಾನು ಬೆಂಗಳೂರಲ್ಲೂ ಕೇಳಿದ್ದೀನಿ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಂಪುಟ ಒಪ್ಪಿ, ಕೂಡಲೇ ತಡೆಹಿಡಿಯಿತಲ್ಲ, ಆಗ. ಕನ್ನಡಿಗರು ಇಲ್ಲಿ ಕೆಲಸ ಕೇಳೋದು ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ರೈಟನ್‌ನವರಿಗೆ ಯಾರೂ ಸರಿಯಾದ ಉತ್ತರ ಕೊಡದೇ ಹೋಗಿದ್ದರಿಂದ ಏನಾಯ್ತು ಅಂತ ನೋಡಿದವನು ನಾನು. ಆದರೆ ಅದೇ ಬಾಯಲ್ಲಿ ಬಿಹಾರದ ರೂಮ್‌ಮೇಟಿಗೆ ‘ನಿನಗಲ್ಲ ಮಗಾ, ಉಳಿದವರಿಗೆ’ ಅಂತೀವಲ್ಲ, ಆ ‘ಉಳಿದವರು’ ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವನ ಅಣ್ಣನೇ ಇರಬಹುದು.

ಅಂದಹಾಗೆ, ಈ ಸಲ ಬ್ರಿಟನ್‌ಗೆ ಹೊರಟವರು ರೂಮು ಸಿಕ್ಕ ಕೂಡಲೇ ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ. ಕ್ರೆಡಿಟ್ ಸ್ಕೋರಿಗೂ ಒಳ್ಳೇದು.