ಚಂದ್ರಕಾಳಿ ಸೀರೆಗೊಂದು ಕಾಗದ

ಗದುಗಿನಿಂದ ಹುಬ್ಬಳ್ಳಿ ರಸ್ತೆ ಹಿಡಿದು ಹೊರಟರೆ ಹುಲಕೋಟಿಗೂ ಮೊದಲು ಸಿಗುವ ಊರು ಬಿಂಕದಕಟ್ಟಿ. ಮಕ್ಕಳಿಗೆ ಪ್ರಾಣಿ ತೋರಿಸಲು ಬರುವವರಿಗೆ ಅದು ಮೃಗಾಲಯದ ಊರು. ನನಗೆ ಮಾತ್ರ ಹತ್ತಿಯ ಊರು. 1968ರಲ್ಲಿ ಅಲ್ಲಿಯ ಎರೆ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ನಮ್ಮ ಅವ್ವನನ್ನು ನೆಂಟರೊಬ್ಬರು ಪೆಟ್ಟಿಗೆ ಕ್ಯಾಮೆರಾದಲ್ಲಿ ಹಿಡಿದಿದ್ದರು. ಅವ್ವನ ಚಿತ್ರವೆಂದು ನಮ್ಮಲ್ಲಿ ಉಳಿದಿರುವುದು ಅದೊಂದೇ. ಅದೂ ಚಿತ್ರವಲ್ಲ, ಅಂಗೈಯ ಅರ್ಧದಷ್ಟಿರುವ ಒಂದು ನೆಗೆಟಿವ್.

ಕೆಲವು ವರ್ಷಗಳ ಹಿಂದೆ ಅದನ್ನು ಸ್ಕ್ಯಾನ್ ಮಾಡಿಸಿ, ಕೈಗೆ ಸಿಕ್ಕ ಹೊಳಪು ಕಾಗದದ ಮೇಲೆ ಇಂಕ್‌ಜೆಟ್ ಪ್ರಿಂಟು ತೆಗೆಸಿ, ಚೌಕಟ್ಟು ಹಾಕಿಸಿ ಅಕ್ಕನಿಗೆ ಕೊಟ್ಟೆ. ಮೂರು ವರ್ಷ ಕಳೆಯುವಷ್ಟರಲ್ಲಿ ಅಕ್ಕನ ಫೋನು ಬಂತು: ‘ತಮ್ಮಾ, ಗ್ವಾಡಿ ಮ್ಯಾಲಿನ ಅವ್ವ ಕೆಂಪಾಗಾಕತ್ಯಾಳ. ಬಂದು ನೋಡ.’

ನೋಡಿದರೆ ನಿಜ. ಅಗ್ಗದ ಶಾಯಿಯಲ್ಲಿ ಕಪ್ಪು ಎಂಬುದು ಬರಿಯ ಕಪ್ಪಲ್ಲ. ನೀಲಿ, ಕೆಂಪು, ಹಳದಿ ಬಣ್ಣಗಳನ್ನು ಬೆರೆಸಿ ಹುಟ್ಟಿಸಿದ್ದು. ಬಿಸಿಲಿಗೆ, ಗಾಳಿಗೆ ನೀಲಿ ಮೊದಲು ಓಡಿಹೋಗಿತ್ತು. ಉಳಿದ ಕೆಂಪು ಅವ್ವನ ಮುಖದ ಮೇಲೆ ಕೂತಿತ್ತು. ಪಾಠ ಒಂದು: ಉಳಿಯಬೇಕಾದ ಚಿತ್ರಕ್ಕೆ ಕರಗುವ ಬಣ್ಣದ ಶಾಯಿ ಬೇಡ, ನುಣ್ಣನೆಯ ಕಣಗಳಿರುವ ಪಿಗ್ಮೆಂಟ್ ಶಾಯಿ ಬೇಕು. ಕಪ್ಪಿನ ಜತೆಗೆ ಎರಡು ಮೂರು ಬೂದು ಶಾಯಿಗಳಿರುವ ಪ್ರಿಂಟರಾದರೆ ಇನ್ನೂ ಒಳ್ಳೆಯದು.

ಇನ್ನು ಕಾಗದ. ಗದುಗಿನಲ್ಲಿ ಫೋಟೋ ಕೆಲಸ ಮಾಡುವ ಗೆಳೆಯನನ್ನು ಕೇಳಿದೆ. ‘ಕಪ್ಪು-ಬಿಳುಪಿಗೆ ಎಂಥಾ ಕಾಗದಾ ಆದ್ರೂ ನಡೀತೈತಿ ಅಂತ ತಿಳಿಬ್ಯಾಡ್ರಿ ಸರ. ಬಣ್ಣದಾಗ ತಪ್ಪು ಮುಚ್ಚಿ ಹೋಗತಾವ, ಇದರಾಗ ಹೋಗಂಗಿಲ್ಲ’ ಎಂದ.

ನಮ್ಮ ಚಿತ್ರವಂತೂ ಯಾವ ಕಾಗದಕ್ಕೂ ಕಠಿಣ ಪರೀಕ್ಷೆ. ಅವ್ವ ಉಟ್ಟಿದ್ದು ಕರಿಯ ಚಂದ್ರಕಾಳಿ ಸೀರೆ, ನಿಂತಿದ್ದು ಕರಿಯ ಎರೆ ಮಣ್ಣಿನಲ್ಲಿ. ಉಡಿಯಲ್ಲಿ ಬಿಳಿಯ ಹತ್ತಿ, ಹಿಂದೆ ಬಿಳಿಯ ಆಕಾಶ. ಕರಿಯಲ್ಲಿ ಕರಿ ಬೇರೆಯಾಗಿ ಕಾಣಬೇಕು, ಬಿಳಿಯಲ್ಲಿ ಬಿಳಿ.

ಕಾಗದಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಮೊದಲನೆಯದು ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಸಿಗುವ, ಪ್ಲಾಸ್ಟಿಕ್ ಪದರವಿರುವ ಹೊಳಪು ಕಾಗದ. ಎರಡನೆಯದು ಬರೈಟಾ, ಹಳೆಯ ಡಾರ್ಕ್‌ರೂಮ್ ಕಾಗದದಂತೆ ಬೇರಿಯಂ ಸಲ್ಫೇಟಿನ ಲೇಪವಿದ್ದು ಮಂದ ಹೊಳಪು ಇರುತ್ತದೆ. ಮೂರನೆಯದು ಹೊಳಪೇ ಇಲ್ಲದ ಮ್ಯಾಟ್. ಇದರಲ್ಲಿ ಮರದ ತಿರುಳಿನಿಂದ ಮಾಡಿದ್ದೂ ಉಂಟು, ಪೂರ್ತಿ ಹತ್ತಿಯ ನಾರಿನಿಂದ ಮಾಡಿದ್ದೂ ಉಂಟು. 1584ರಿಂದ ಕಾಗದ ಮಾಡುತ್ತಿರುವ ಜರ್ಮನಿಯ ಹಾನೆಮ್ಯೂಲೆಯವರ ‘ಫೋಟೋ ರ್‍ಯಾಗ್’ ಹತ್ತಿಯದು. ಚದರ ಮೀಟರಿಗೆ 308 ಗ್ರಾಂ ತೂಕ. ಹತ್ತಿ ಬೆಳೆದ ನಾಡಿನವರು ಹತ್ತಿಯ ಹಾಳೆಗೆ ಜರ್ಮನಿಯ ಕಡೆ ನೋಡಬೇಕಾಯಿತಲ್ಲ ಎಂದು ನಗು ಬಂತು.

ಕಪ್ಪಿನ ಆಳದಲ್ಲಿ ಬರೈಟಾ ಮುಂದು. ಸಾಂದ್ರತೆ ಅಳೆದರೆ ಮ್ಯಾಟಿನ ಕಪ್ಪು ಸುಮಾರು 1.6, ಬರೈಟಾದ ಕಪ್ಪು 2.2 ಅಥವಾ ಅದಕ್ಕೂ ಮೇಲೆ. ಅಂತರ ಸಣ್ಣದೆನ್ನಬೇಡಿ. ಈ ಲೆಕ್ಕದಲ್ಲಿ ಮ್ಯಾಟಿನ ಕಪ್ಪು ನಮ್ಮ ಕಣ್ಣಿಗೆ ಎಸೆಯುವ ಬೆಳಕು ಬರೈಟಾದ್ದಕ್ಕಿಂತ ನಾಲ್ಕು ಪಟ್ಟು. ಆದರೆ ಮ್ಯಾಟಿನ ಮೇಲೆ ಕಿಟಕಿ, ದೀಪ, ನಮ್ಮದೇ ಮುಖ ಯಾವುದೂ ಪ್ರತಿಫಲಿಸುವುದಿಲ್ಲ.

ಇನ್ನೊಂದು ಮೋಸ ಬಿಳುಪಿನದು. ಕಣ್ಣು ಕೋರೈಸುವಷ್ಟು ಬಿಳಿಯಾದ ಕಾಗದದಲ್ಲಿ, ಬಟ್ಟೆ ಒಗೆಯುವ ಪುಡಿಯಲ್ಲಿ ಇರುವಂಥ ಹೊಳಪುಕಾರಕ ಬೆರೆಸಿರುತ್ತಾರೆ. ವರ್ಷಗಳು ಕಳೆದಂತೆ ಅದರ ಶಕ್ತಿ ಕುಗ್ಗಿ ಕಾಗದ ಮಾಸುತ್ತದೆ. ಪರೀಕ್ಷೆ ಸುಲಭ. ಖೋಟಾ ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುವ ನೇರಳೆ ದೀಪದ ಕೆಳಗೆ ಕಾಗದ ಹಿಡಿಯಿರಿ. ನೀಲಿಯಾಗಿ ಹೊಳೆದರೆ ಹೊಳಪುಕಾರಕ ಇದೆ. ಮಂಕಾಗಿ ಉಳಿದರೆ ಇಲ್ಲ. ಅಸಲಿ ನೋಟಿನ ಹತ್ತಿಯ ಕಾಗದ ಆ ದೀಪದಲ್ಲಿ ಮಂಕಾಗಿ ಕಾಣುವುದೂ ಇದಕ್ಕೇ.

ಕಾಗದ ಹಳದಿಯಾಗುವುದು ನಮ್ಮ ಸೀಮೆಯ ಚಿತ್ರಗಳಿಗೆ ಹೊಸದಲ್ಲ. 1850ರ ದಶಕದಲ್ಲಿ ಡಾಕ್ಟರ್ ಪಿಗೌ ಮೊದಲಾದವರು ಗದಗ, ಲಕ್ಕುಂಡಿ, ಡಂಬಳದ ಗುಡಿಗಳ ಚಿತ್ರ ತೆಗೆದರು. 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಗ್ರಂಥದಲ್ಲಿ ಅಂಥ ಚಿತ್ರಗಳು ಬಂದವು. ಆಗಿನ ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿಯ ಲೇಪ. ಆ ಬಗೆಯ ಚಿತ್ರಗಳಲ್ಲಿ ಬೆಳ್ಳಗಿರಬೇಕಾದ ಆಕಾಶ ಹಳದಿಗೆ ತಿರುಗುವುದು ಸಾಮಾನ್ಯ. ಕಲ್ಲು ಸಾವಿರ ವರ್ಷ ನಿಲ್ಲುತ್ತದೆ, ಅದರ ಚಿತ್ರ ನಿಲ್ಲುವುದು ಕಾಗದ ಎಷ್ಟು ನಿಲ್ಲುತ್ತದೋ ಅಷ್ಟೇ.

ದುಬಾರಿ ಹಾಳೆ ಕೆಡಿಸಬಾರದೆಂದು ಗೆಳೆಯ ಒಂದು ಉಪಾಯ ಮಾಡಿದ. ಪೂರ್ತಿ ಚಿತ್ರದ ಬದಲು ಸೀರೆಯ ಒಂದು ತುಣುಕು, ಉಡಿಯ ಹತ್ತಿಯ ಒಂದು ತುಣುಕು, ಮುಖದ ಒಂದು ತುಣುಕು. ಇವನ್ನೇ ಸಣ್ಣ ಪಟ್ಟಿಗಳಾಗಿ ಎರಡೂ ಕಾಗದದ ಮೇಲೆ ತೆಗೆದ. ಪ್ರಿಂಟರಿಗೆ ಕಾಗದದ ಜಾತಿ ಸರಿಯಾಗಿ ಹೇಳಬೇಕು. ಮ್ಯಾಟಿಗೆ ಮ್ಯಾಟ್ ಕಪ್ಪು ಶಾಯಿ, ಬರೈಟಾಗೆ ಫೋಟೋ ಕಪ್ಪು. ಹತ್ತಿಯ ಹಾಳೆಯ ಧೂಳನ್ನು ಮೊದಲೇ ಮೆತ್ತನೆಯ ಬ್ರಷ್ಷಿನಿಂದ ಒರೆಸಬೇಕು. ಇಲ್ಲದಿದ್ದರೆ ಶಾಯಿ ಬಿದ್ದ ಮೇಲೆ ಧೂಳು ಉದುರಿ ಬಿಳಿ ಚುಕ್ಕೆ ಉಳಿಯುತ್ತದೆ. ಮ್ಯಾಟಿನಲ್ಲಿ ಸೀರೆಯ ನೆರಿಗೆಗಳು ಮೊದಲು ಒಂದಕ್ಕೊಂದು ಅಂಟಿಕೊಂಡವು. ನೆರಳಿನ ಭಾಗವನ್ನು ಸ್ವಲ್ಪ ತಿಳಿ ಮಾಡಿ ಮತ್ತೆ ತೆಗೆದಾಗ ಬಿಡಿಸಿಕೊಂಡವು.

ಎರಡು ಪಟ್ಟಿಗಳನ್ನೂ ಮುಂದಿಟ್ಟುಕೊಂಡು ಕುಳಿತೆ. ಗಾಜಿನ ಹಿಂದೆ, ಗೋಡೆಯ ಮೇಲೆ ನಿಲ್ಲುವ ಚಿತ್ರವಾದರೆ ಬರೈಟಾ ಎಂದೇ ಹೇಳುತ್ತಿದ್ದೆ. ಗಾಜಿನ ಹಿಂದೆ ಮ್ಯಾಟ್ ಇನ್ನಷ್ಟು ಸಪ್ಪೆ. ಆದರೆ ಅಕ್ಕನಿಗೆ ಈಗ ಕಣ್ಣು ಮಂಜು. ಗೋಡೆಯ ಚಿತ್ರ ಅವಳಿಗೆ ಕಾಣುವುದಿಲ್ಲ. ಕಿಟಕಿಯ ಹತ್ತಿರ ಕೂತು, ಕೈಯಲ್ಲಿ ಹಿಡಿದು, ಮೂಗಿನ ತುದಿಗೆ ತಂದು ನೋಡುವವಳು. ಅವಳಿಗೆ ಹೊಳಪು ಶತ್ರು. ಹತ್ತಿಯ ಮ್ಯಾಟ್ ಹಾಳೆಯನ್ನೇ ಆರಿಸಿದೆ. ಒಂದು ದಿನ ಒಣಗಲು ಬಿಟ್ಟು, ಆಮ್ಲವಿಲ್ಲದ ರಟ್ಟಿನ ಮಡಿಕೆಯಲ್ಲಿಟ್ಟು ಒಯ್ದೆ. ನೆಗೆಟಿವನ್ನೂ ಎಸೆಯದೆ ತಂಪಾದ, ಒಣಗಿದ ಜಾಗದಲ್ಲಿ ಇಟ್ಟಿದ್ದೇನೆ. ನೀವೂ ಇಡಿ, ಕಾಗದ ಎಷ್ಟೇ ಒಳ್ಳೆಯದಿದ್ದರೂ ಮೂಲ ಅದೇ.

ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮುಖದ ಬಗ್ಗೆ ಏನೂ ಹೇಳಲಿಲ್ಲ. ಬೆರಳು ಸೀರೆಯ ಸೆರಗಿನ ಮೇಲೆ ನಿಂತಿತು.

‘ಇಲ್ಲಿ ಹೊಲಿಗಿ ಕಾಣತೈತಲ್ಲೋ ತಮ್ಮಾ. ಬೇಲಿ ಮುಳ್ಳಿಗೆ ಸಿಕ್ಕು ಹರದಿತ್ತು. ಹಿಂದಿನ ದಿನ ರಾತ್ರಿ ನಾನ ಹೊಲದಿದ್ದೆ. ಕರೀ ದಾರ ಇರಲಿಲ್ಲ, ಬ್ಯಾರೆ ದಾರದಾಗ ಹೊಲದೆ ಅಂತ ಅವ್ವ ಬೈದಿದ್ಲು.’

ಇಷ್ಟು ವರ್ಷ ಆ ಹೊಲಿಗೆ ನೆಗೆಟಿವಿನಲ್ಲಿ ಇತ್ತು. ನಮಗೆ ಕಂಡಿರಲಿಲ್ಲ.